ಟರ್ಕಿ ಬೇಟೆಗೆ ಯಾವ ಚೋಕ್, ಯಾವ ತೋಟೆ?

ಅಮೆರಿಕದ ಮಿಸೌರಿಯಲ್ಲಿ ಮೊದಲ ಸಲ ಟರ್ಕಿ ಹಕ್ಕಿಯ ಬೇಟೆಗೆ ಹೋಗುತ್ತಿದ್ದೇನೆ, 12 ಗೇಜಿನ ರೆಮಿಂಗ್ಟನ್ 870 ಕೋವಿ ಇದೆ, ದುಬಾರಿ ಟರ್ಕಿ ಚೋಕ್ (ತೋಟೆಯೊಳಗಿನ ಸಣ್ಣ ಗುಂಡುಗಳು, ಅಂದರೆ ಚರೆ, ಹೆಚ್ಚು ಹರಡದಂತೆ ನಳಿಗೆಯ ಬಾಯಿ ಕಿರಿದು ಮಾಡುವ ತುಂಡು ಕೊಳವೆ) ಕೊಳ್ಳಲೇಬೇಕಾ ಅಂತ ಕೇಳಿದ್ದೀರಿ. ಈಗಲೇ ಬೇಡ. ಕೋವಿಯ ಜೊತೆ ಫುಲ್ ಚೋಕ್ ಬಂದಿದ್ದರೆ ಮೊದಲು ಅದನ್ನೇ ಹಾಕಿ, ಕಾಗದಕ್ಕೆ ಹೊಡೆದು ನೋಡಿ.

ನಾನು ಹಾಗೆ ಮಾಡಲಿಲ್ಲ. ಮಲೆನಾಡಿನವನು, ಮನೆಯಲ್ಲಿ ಅಜ್ಜನ ತೋಟೆ ಕೋವಿ ನೋಡಿಕೊಂಡೇ ಬೆಳೆದವನು, ನನಗೆ ಗೊತ್ತಿಲ್ಲದ್ದು ಏನಿದೆ ಅನ್ನೋ ಧೈರ್ಯ. ತುಂಬಾ ಬಿಗಿ ಚೋಕ್ ತಂದು, ಸೀದಾ ಕಾಡಿಗೆ ಹೋದೆ. 35 ಗಜದಲ್ಲಿ ಗಂಡು ಟರ್ಕಿ ಕತ್ತು ಎತ್ತಿ ನಿಂತಿತ್ತು, ಹೊಡೆದೆ. ನಾಲ್ಕೈದು ಪುಕ್ಕ ಬಿದ್ದವು, ಹಕ್ಕಿ ಓಡಿತು. ಮಧ್ಯಾಹ್ನದವರೆಗೆ ಹುಡುಕಿದರೂ ಸಿಗಲಿಲ್ಲ. ಆಮೇಲೆ ಕಾಗದಕ್ಕೆ ಹೊಡೆದರೆ ಚರೆಯ ಗುಂಪು ಗುರಿಗಿಂತ ಒಂದು ಗೇಣು ಮೇಲೆ, ಸ್ವಲ್ಪ ಬಲಕ್ಕೆ ಬೀಳುತ್ತಿತ್ತು. ಆ ಹಕ್ಕಿ ಇವತ್ತಿಗೂ ನೆನಪಾಗುತ್ತೆ.

ಟರ್ಕಿಗೆ ಮೈಗೆ ಹೊಡೆಯಬಾರದು. ರೆಕ್ಕೆ, ಎದೆಮಾಂಸ ದಪ್ಪ, ಚರೆ ಒಳಗೆ ಹೋಗಿ ಜೀವ ತೆಗೆಯೋದಿಲ್ಲ. ತಲೆ ಮತ್ತು ಕತ್ತಿಗೇ ಬೀಳಬೇಕು, ಅದಕ್ಕೇ ಇಷ್ಟು ಬಿಗಿ ಬೇಕಾಗೋದು. 12 ಗೇಜ್ ನಳಿಗೆಯ ಒಳ ಅಳತೆ ಸುಮಾರು 0.729 ಇಂಚು, ಫುಲ್ ಚೋಕ್ ಅದನ್ನು 0.035 ಇಂಚಿನಷ್ಟು ಕಿರಿದು ಮಾಡುತ್ತದೆ, ಟರ್ಕಿ ಚೋಕ್‌ಗಳ ಬಾಯಿ 0.660 ಆಸುಪಾಸು. ಆದರೆ ಬಿಗಿ ಜಾಸ್ತಿ ಆದಷ್ಟೂ ಒಳ್ಳೆಯದು ಅಂತಲ್ಲ. 15 ಗಜದಲ್ಲಿ ಚರೆಯೆಲ್ಲ ಒಂದು ಮುಷ್ಟಿಯಷ್ಟು ಜಾಗದಲ್ಲಿ ಹೋಗುತ್ತೆ, ಕೈ ಸ್ವಲ್ಪ ಅಲುಗಿದರೂ ಹಕ್ಕಿ ತಪ್ಪಿತು.

ದೊಡ್ಡ ಹಾಳೆಯ ಮೇಲೆ 10 ಇಂಚಿನ ವೃತ್ತ ಬರೆಯಿರಿ, 40 ಗಜದಿಂದ ಬೆಂಚಿಗೆ ಒರಗಿ ಹೊಡೆಯಿರಿ, ತೂತು ಎಣಿಸಿ. 100 ಚರೆ ಒಳಗಿದ್ದರೆ ಸಾಕು ಅನ್ನೋದು ಬೇಟೆಗಾರರ ಹಳೆಯ ಲೆಕ್ಕ. ಇಲ್ಲವಾದರೆ 35, 30 ಅಂತ ಹತ್ತಿರ ಬನ್ನಿ, ಎಲ್ಲಿ 100 ಸಿಗುತ್ತೋ ಅದೇ ನಿಮ್ಮ ಮಿತಿ. ಗುರಿ ಹೊಂದಿಸುವಾಗ ಅಗ್ಗದ ಟಾರ್ಗೆಟ್ ತೋಟೆ ಸಾಕು, ಸುಮ್ನೆ ಭುಜ ಯಾಕೆ ನೋಯಿಸಿಕೊಳ್ಳಬೇಕು ಅಲ್ವಾ. ಕೊನೆಯ ಎಣಿಕೆ ಮಾತ್ರ ಬೇಟೆಗೆ ಒಯ್ಯುವ ತೋಟೆಯಲ್ಲೇ ಆಗಬೇಕು, ಯಾಕೆಂದರೆ ಒಂದೇ ಚೋಕ್‌ನಲ್ಲಿ ಎರಡು ಕಂಪನಿಯ ತೋಟೆ ಎರಡು ಥರ ಹರಡುತ್ತವೆ.

ತೋಟೆಗೆ ನಾನಾದರೆ 3 ಇಂಚು ಉದ್ದದ, 5ನೇ ನಂಬರ್ ಸೀಸದ ಚರೆಯ ತೋಟೆಯಿಂದ ಶುರು ಮಾಡುತ್ತೇನೆ. ಒಂದು ಔನ್ಸಿಗೆ 170ರ ಸುಮಾರು ಚರೆ, ಪೆಟ್ಟೂ ಇದೆ, ಸಂಖ್ಯೆಯೂ ಇದೆ. ಮಿಸೌರಿಯಲ್ಲಿ 4ನೇ ನಂಬರ್‌ಗಿಂತ ದೊಡ್ಡ ಚರೆ ಕಾನೂನಿಗೆ ವಿರುದ್ಧ (ನಂಬರ್ ಕಡಿಮೆಯಾದಷ್ಟೂ ಚರೆ ದೊಡ್ಡದು). ಟಿಎಸ್‌ಎಸ್ ಅನ್ನೋ ಟಂಗ್‌ಸ್ಟನ್ ಚರೆ ಸೀಸಕ್ಕಿಂತ ತುಂಬಾ ಸಾಂದ್ರ (ಘನ ಸೆಂಟಿಮೀಟರಿಗೆ ಅದು 18 ಗ್ರಾಂ, ಸೀಸ 11 ಗ್ರಾಂ ಆಸುಪಾಸು), ಅದಕ್ಕೇ 9ನೇ ನಂಬರಿನ ಸಣ್ಣ ಚರೆಯೂ ಆಳಕ್ಕೆ ಹೋಗುತ್ತೆ. ಆದರೆ ಒಂದು ತೋಟೆಗೇ ಹತ್ತು ಡಾಲರ್ ಆಸುಪಾಸು. ಮೊದಲ ವರ್ಷಕ್ಕೆ ಬೇಕಿಲ್ಲ. ಸ್ಟೀಲ್ ಚರೆಯನ್ನು ಮಾತ್ರ ಬಿಗಿ ಟರ್ಕಿ ಚೋಕ್‌ನಲ್ಲಿ ಹಾಕಲೇಬೇಡಿ, ಅದು ಸೀಸದ ಹಾಗೆ ಬಗ್ಗೋದಿಲ್ಲ, ಚೋಕ್ ಉಬ್ಬಿಹೋಗಬಹುದು.

ಮುಂದೆ ಚೋಕ್ ಕೊಂಡರೂ 870ಕ್ಕೆ ರೆಮ್ ಚೋಕ್ (ರೆಮಿಂಗ್ಟನ್ ಕಂಪನಿಯ) ಥ್ರೆಡ್ಡಿನದೇ ನೋಡಿ, ಬೇರೆ ಕಂಪನಿಯಾದ ಮಾಸ್‌ಬರ್ಗ್‌ನದು ಕೂರೋದಿಲ್ಲ. ನೀವು ಎಚ್-1ಬಿ ವೀಸಾದಲ್ಲಿದ್ದರೆ, ಬೇಟೆ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವುದೇ ಫೆಡರಲ್ ಅಪರಾಧ ಆಗಬಹುದು. ಆ ಲೈಸೆನ್ಸಿನ ಅವಧಿ ಮುಗಿದಿದೆಯಾ ಅಂತ ಇವತ್ತೇ ನೋಡಿ.