31 ಮಳೆ ಸೀನ್ ಬರೆದವಳ ಉತ್ತರ

ನಿಮ್ಮ ಪ್ರಶ್ನೆ ಇಷ್ಟು, ಅಲ್ವಾ? ಊರು ಹೊಸನಗರದ ಹತ್ತಿರ. ಬಿಎ ಮುಗಿದಿದೆ. ಸಿನಿಮಾಕ್ಕೆ ಆಗುವಂಥ ಒಂದು ಕಥೆ ಬರೆದಿಟ್ಟಿದ್ದೀರಿ. ಬೆಂಗಳೂರಿಗೆ ಹೋಗಿ ಚಿತ್ರಕಥೆ ಬರೆದು ಬದುಕಬಹುದಾ, ಎಷ್ಟು ದುಡ್ಡು ಸಿಗುತ್ತದೆ, ಕಥೆ ಕದ್ದರೆ ಏನು ಮಾಡುವುದು ಎಂದು ಕೇಳಿದ್ದೀರಿ. ಮನೆಯಲ್ಲಿ ಬೇಡ ಅನ್ನುತ್ತಿದ್ದಾರೆ ಅಂತಲೂ ಬರೆದಿದ್ದೀರಿ.

ನಾನು ತೀರ್ಥಹಳ್ಳಿ ಕಡೆಯವಳು. 2012ರಲ್ಲಿ ನಾನೂ ಹೀಗೇ ಹೊರಟವಳು. ಎರಡು ಧಾರಾವಾಹಿಗೆ ಸಂಭಾಷಣೆ ಬರೆದೆ. ಎರಡು ಸಿನಿಮಾದ ಚಿತ್ರಕಥೆಯಲ್ಲಿ ಕೆಲಸ ಮಾಡಿದೆ, ಒಂದರ ಟೈಟಲ್ ಕಾರ್ಡಿನಲ್ಲಿ ಮಾತ್ರ ಹೆಸರು ಬಂತು. ಈಗ ಶಿವಮೊಗ್ಗದಲ್ಲಿ ಇದ್ದುಕೊಂಡೇ ಬರೆಯುತ್ತೇನೆ. ಹೆಸರು ಹೇಳಿದರೆ ನಿಮಗೆ ಗೊತ್ತಾಗುವುದಿಲ್ಲ. ಬಾಡಿಗೆ, ದಿನಸಿಗೆ ತೊಂದರೆ ಇಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಿಮ್ಮ ಕಥೆಗೆ ಅಲ್ಲಿ ಯಾರೂ ಕಾಯುತ್ತಿಲ್ಲ. ಕಥೆ ಎಲ್ಲರ ಹತ್ತಿರವೂ ಇದೆ. ಕ್ಯಾಮೆರಾ ಅಸಿಸ್ಟೆಂಟ್ ಹತ್ತಿರ ಒಂದು, ನಿರ್ಮಾಪಕರ ಕಾರು ಓಡಿಸುವವರ ಹತ್ತಿರ ಎರಡು. ಇನ್ನೊಬ್ಬರ ಕಥೆಯನ್ನು ಹೇಳಿದ ದಿನಕ್ಕೆ, ಇರುವ ಬಜೆಟ್ಟಿಗೆ ಹೊಂದುವ ಹಾಗೆ, ಆರನೇ ಸಲ ತಿದ್ದಲು ಹೇಳಿದಾಗಲೂ ಮುಖ ಊದಿಸಿಕೊಳ್ಳದೆ ಬರೆದು ಕೊಡುವವರು ಮಾತ್ರ ಕಡಿಮೆ. ಶುರುವಿನ ಐದಾರು ವರ್ಷ ನಿಮ್ಮನ್ನು ಕರೆಯುವುದು ಆ ಕೆಲಸಕ್ಕೇ. ಇದು ತಿಳಿಯದೆ ನಾನು ಒಂದೂವರೆ ವರ್ಷ ಕಳೆದುಕೊಂಡೆ.

ನನ್ನ ಮೊದಲ ಸ್ಕ್ರಿಪ್ಟಿನಲ್ಲಿ 74 ಸೀನ್ ಇತ್ತು. ನಮ್ಮೂರಿನದೇ ಕಥೆ, ಆಷಾಢದಲ್ಲಿ ನಡೆಯುವಂಥದ್ದು. ಹೇಗೋ ಒಬ್ಬ ನಿರ್ಮಾಪಕರ ಆಫೀಸಿನಲ್ಲಿ ನರೇಷನ್ ಕೊಡಲು, ಅಂದರೆ ಕೂತು ಕಥೆ ಪೂರ್ತಿ ಹೇಳಲು, ಅವಕಾಶ ಸಿಕ್ಕಿತು. ಎರಡು ಗಂಟೆ ಹೇಳಿದೆ. ನಿರ್ಮಾಪಕರು ಅರ್ಧ ಹೊತ್ತು ಫೋನ್ ನೋಡುತ್ತಿದ್ದರು. ಪಕ್ಕದಲ್ಲಿದ್ದ ಪ್ರೊಡಕ್ಷನ್ ಮ್ಯಾನೇಜರ್ ಮಾತ್ರ ಪೇಪರಿನ ಅಂಚಿನಲ್ಲಿ ಏನೋ ಗೆರೆ ಎಳೆಯುತ್ತಾ ಕೂತಿದ್ದರು. ಕಥೆ ಮುಗಿದ ಮೇಲೆ ಅವರು ಕೇಳಿದ್ದು ಒಂದೇ ಮಾತು: "31 ಸೀನಲ್ಲಿ ಮಳೆ ಇದೆಯಲ್ಲಮ್ಮಾ, ದುಡ್ಡು ಯಾರು ಕೊಡ್ತಾರೆ?"

"ಸಾರ್, ಆಗುಂಬೆಯಲ್ಲಿ ಶೂಟಿಂಗ್ ಇಟ್ಟುಕೊಂಡರೆ ಮಳೆ ಪುಕ್ಕಟೆ" ಎಂದೆ. ವರ್ಷಕ್ಕೆ 7,000 ಮಿಲಿಮೀಟರ್‌ಗಿಂತ ಜಾಸ್ತಿ ಸುರಿಯುವ ಜಾಗ ಎಂಬ ಧೈರ್ಯ ನನಗೆ. ರೂಮಿನಲ್ಲಿದ್ದವರೆಲ್ಲ ನಕ್ಕರು. ನನ್ನ ಜೋಕಿಗಲ್ಲ, ನನ್ನನ್ನು ನೋಡಿ.

ಆಮೇಲೆ ಅದೇ ಮ್ಯಾನೇಜರ್ ಕೆಳಗೆ ಕರೆದುಕೊಂಡು ಹೋಗಿ ಟೀ ಕೊಡಿಸಿ ಬಿಡಿಸಿ ಹೇಳಿದರು. ಸುಮ್ನೆ ಸುರಿಯುವ ಮಳೆ ಕ್ಯಾಮೆರಾದಲ್ಲಿ ಸರಿಯಾಗಿ ಕಾಣುವುದೇ ಇಲ್ಲ. ಹನಿ ಕಾಣಬೇಕಾದರೆ ಅದರ ಹಿಂದಿನಿಂದ ಲೈಟ್ ಬೀಳಬೇಕು. ನಿಜವಾದ ಮಳೆ ಒಂದು ಶಾಟಿಗೆ ಧೋ ಎನ್ನುತ್ತದೆ, ಮುಂದಿನ ಶಾಟಿಗೆ ಜಿನುಗುತ್ತದೆ. ಎರಡನ್ನೂ ಜೋಡಿಸಿದರೆ ಕಂಟಿನ್ಯೂಟಿ ಹಾಳು. ಅದಕ್ಕೇ ಮಲೆನಾಡಿಗೆ ಬಂದ ತಂಡದವರೂ ಟ್ಯಾಂಕರ್ ತರಿಸಿ, ಪೈಪಿನಲ್ಲಿ ನೀರು ಚಿಮ್ಮಿಸಿ ಮಳೆ ಮಾಡುತ್ತಾರೆ. ನಿಜವಾದ ಮಳೆ ಬಂದರೆ ಟಾರ್ಪಾಲ್ ಎಳೆದು ಕೂರುತ್ತಾರೆ! ಟ್ಯಾಂಕರ್ ಬಾಡಿಗೆ, ಒದ್ದೆಯಾಗುವ ಬಟ್ಟೆಗೆ ಬದಲಿ ಜೊತೆಗಳು, ದಿನಕ್ಕೆ ಐದು ಸೀನ್ ಆಗುವ ಕಡೆ ಎರಡು. ನಾನು "ಮಳೆ ಸುರಿಯುತ್ತಿದೆ" ಎಂದು ಬರೆದ ಎರಡು ಪದಕ್ಕೆ ಇಷ್ಟು ಖರ್ಚು.

ಅವತ್ತು ರಾತ್ರಿ ಪಿಜಿಯಲ್ಲಿ ಆ 31 ಸೀನುಗಳನ್ನು ಹರಡಿಕೊಂಡು ಕೂತೆ. ಮಳೆ ನಿಜವಾಗಿ ಬೇಕಾಗಿದ್ದದ್ದು ನಾಲ್ಕಕ್ಕೆ. ಉಳಿದ ಕಡೆ ಹಂಚಿನಿಂದ ತೊಟ್ಟಿಕ್ಕುವ ಸದ್ದು ಸಾಕಿತ್ತು. ಬಚ್ಚಲ ಒಲೆಯ ಹತ್ತಿರ ಒಣಹಾಕಿದ ಅಂಗಿ, ಬಾಗಿಲ ಮೂಲೆಯಲ್ಲಿ ನೀರಿಳಿಯುವ ಕಂಬಳಿಕೊಪ್ಪೆ ಸಾಕಿತ್ತು. ಹಾಗೆ ತಿದ್ದಿದ ಮೇಲೆ ಸೀನುಗಳು ಮೊದಲಿಗಿಂತ ಚೆನ್ನಾಗಿಯೇ ಆದವು. ಆ ಸಿನಿಮಾ ಆಗಲೇ ಇಲ್ಲ. ಆದರೆ ಆರು ತಿಂಗಳಾದ ಮೇಲೆ ಅದೇ ಮ್ಯಾನೇಜರ್ ಒಂದು ಧಾರಾವಾಹಿ ತಂಡಕ್ಕೆ ನನ್ನ ಹೆಸರು ಹೇಳಿದರು. "ಹೇಳಿದ್ದು ಕೇಳಿಸಿಕೊಂಡು ತಿದ್ದುತ್ತೆ ಹುಡುಗಿ" ಅಂದಿದ್ದರಂತೆ. ನನ್ನ ಕಥೆಯ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

ಧಾರಾವಾಹಿ ಅಂದರೆ ಮೂಗು ಮುರಿಯಬೇಡಿ. ಹೊಸಬರಿಗೆ ತಿಂಗಳಿಗೊಮ್ಮೆ ದುಡ್ಡು ಕಾಣುವ ಜಾಗ ಅದೊಂದೇ. ಅಲ್ಲಿ ಕಥೆ ಒಬ್ಬರದು, ಚಿತ್ರಕಥೆ ಇನ್ನೊಬ್ಬರದು, ಸಂಭಾಷಣೆ ಮತ್ತೊಬ್ಬರದು. ಚಿತ್ರಕಥೆಯವರು ಸೀನ್ ಸೀನಾಗಿ ಒನ್‌ಲೈನ್, ಅಂದರೆ ಏನು ನಡೆಯುತ್ತದೆ ಎಂಬ ಚಿಕ್ಕ ಸಾರಾಂಶ, ಕೊಡುತ್ತಾರೆ. ಚಾನೆಲ್‌ನವರು ನೋಡಿ ಒಪ್ಪಬೇಕು. ಆಮೇಲೆ ಅದಕ್ಕೆ ಮಾತು ತುಂಬುವುದು ನಮ್ಮ ಕೆಲಸ. ಅರ್ಧ ಗಂಟೆಯ ಸ್ಲಾಟ್ ಅಂದರೂ ಜಾಹೀರಾತು ಕಳೆದು ಇಪ್ಪತ್ತು, ಇಪ್ಪತ್ತೆರಡು ನಿಮಿಷ. ಬ್ಯಾಂಕಿಂಗ್ ಇದ್ದರೆ, ಅಂದರೆ ಹತ್ತು ಎಪಿಸೋಡ್ ಮುಂಚೆಯೇ ಶೂಟ್ ಆಗಿದ್ದರೆ, ನೆಮ್ಮದಿ. ಇಲ್ಲದಿದ್ದರೆ ಬೆಳಗ್ಗೆ ಬರೆದದ್ದು ಮಧ್ಯಾಹ್ನ ಶೂಟ್. ಗುರುವಾರ ಟಿಆರ್‌ಪಿ ಬರುತ್ತದೆ. ನಂಬರ್ ಬಿದ್ದಿದ್ದರೆ ಶುಕ್ರವಾರ ಕಥೆಯ ಇಡೀ ಟ್ರ್ಯಾಕ್ ಬದಲು. ಸತ್ತವರು ಎದ್ದು ಬರುವುದು ಆಗಲೇ.

ನನ್ನ ಲೆಕ್ಕ ಹೇಳುತ್ತೇನೆ, ಎಲ್ಲರದೂ ಇದೇ ಅಂತಲ್ಲ. ಮೊದಲ ಎಂಟು ತಿಂಗಳು ತಿಂಗಳಿಗೆ 6,000 ರೂಪಾಯಿ. ಹಿರಿಯ ಬರಹಗಾರರು ಹೇಳಿದ್ದನ್ನು ಟೈಪ್ ಮಾಡುವುದು, ಯಾವ ಎಪಿಸೋಡಿನಲ್ಲಿ ಯಾರು ಯಾರಿಗೆ ಏನು ಹೇಳಿದ್ದರು ಎಂದು ನೆನಪಿಡುವುದು. 2014ರಲ್ಲಿ ಸ್ವಂತವಾಗಿ ಬರೆಯಲು ಕೊಟ್ಟಾಗ ಎಪಿಸೋಡಿಗೆ 1,200. ತಿಂಗಳಿಗೆ 22 ಎಪಿಸೋಡ್ ಅಂದರೆ 26,400. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಚೆಕ್ ಬಂದದ್ದು ಪ್ರಸಾರವಾದ ಎರಡು ತಿಂಗಳ ಮೇಲೆ. ಚಾನೆಲ್ ನಿರ್ಮಾಪಕರಿಗೆ ಕೊಡಬೇಕು, ನಿರ್ಮಾಪಕರು ನಮಗೆ ಕೊಡಬೇಕು. ಅಷ್ಟರಲ್ಲಿ ನಾನು ಪಿಜಿ ಆಂಟಿಯ ಎದುರು ಓಡಾಡುವುದನ್ನೇ ಬಿಟ್ಟಿದ್ದೆ. ಕೊನೆಗೆ ಎರಡು ವಾರ ಮುಂಚೆ ಹೇಳಿ ಧಾರಾವಾಹಿಯನ್ನೇ ನಿಲ್ಲಿಸಿದರು.

ಹತ್ತು ಪರ್ಸೆಂಟ್ ಟಿಡಿಎಸ್, ಅಂದರೆ ಆದಾಯ ತೆರಿಗೆ, ಮುಂಚೆಯೇ ಹಿಡಿದುಕೊಂಡು ಕೊಡುತ್ತಾರೆ. ಆದಾಯ ಕಡಿಮೆ ಇದ್ದರೂ ರಿಟರ್ನ್ ಸಲ್ಲಿಸಿ, ಆ ದುಡ್ಡು ವಾಪಸ್ ಬರುತ್ತದೆ. ನಾನು ಎರಡು ವರ್ಷ ಬಿಟ್ಟಿದ್ದೆ, ದಡ್ಡತನ.

ಅದೇ 2014ರ ಜುಲೈ. ಅಪ್ಪಯ್ಯನಿಗೆ ಹುಷಾರಿಲ್ಲ ಎಂದು ಊರಿಗೆ ಬಂದಿದ್ದೆ. ಕರೆಂಟ್ ಹೋಗಿ ಮೂರು ದಿನ. ಮೊಬೈಲ್ ಸಿಗ್ನಲ್ಲಿಗೆ ಗುಡ್ಡ ಹತ್ತಬೇಕು, ಆ ಮಳೆಯಲ್ಲಿ ಹತ್ತುವ ಹಾಗಿಲ್ಲ. ಬೆಳಗ್ಗೆ ಸೆಟ್ಟಿಗೆ ಏಳು ಸೀನ್ ಬೇಕು. ಪುಣ್ಯಕ್ಕೆ ಲ್ಯಾಂಡ್‌ಲೈನ್ ಇತ್ತು. ರಾತ್ರಿ ಹತ್ತರಿಂದ ಒಂದೂವರೆ ತನಕ ಲಾಟೀನು ಬೆಳಕಿನಲ್ಲಿ ನಾನು ಓದಿದೆ, ಆ ಕಡೆ ಅಸಿಸ್ಟೆಂಟ್ ಡೈರೆಕ್ಟರ್ ಹುಡುಗ ಬರೆದುಕೊಂಡ. ಪ್ರತಿ ಮಾತನ್ನೂ ಅವನು ತಿರುಗಿ ಹೇಳಬೇಕಿತ್ತು. ಅವನು ಎಲ್ಲಿ ತಡವರಿಸಿದನೋ ಅಲ್ಲೆಲ್ಲ ನನ್ನ ವಾಕ್ಯವೇ ಕೆಟ್ಟದಾಗಿತ್ತು. ಉದ್ದ, ಪುಸ್ತಕದ ಭಾಷೆ, ಉಸಿರು ತೆಗೆದುಕೊಳ್ಳಲು ಜಾಗ ಇಲ್ಲ. ಫೋನಿನಲ್ಲೇ ಮುರಿದು ಮುರಿದು ಹೇಳಿದೆ. ಈಗಲೂ ಬರೆದ ಮೇಲೆ ಜೋರಾಗಿ ಓದುತ್ತೇನೆ. ಪಕ್ಕದ ಮನೆಯವರು ಮೊದಮೊದಲು ಜಗಳ ಅಂದುಕೊಂಡಿದ್ದರು.

ಮಾತಿನ ಕಿವಿ ನಿಮಗೆ ಊರಲ್ಲೇ ಸಿಕ್ಕಿರುತ್ತದೆ. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಮೆಟ್ಟುಗತ್ತಿ ಇಟ್ಟುಕೊಂಡು ಕೂತ ಹೆಂಗಸರು ಮಾತಾಡುವುದನ್ನು ಕೇಳಿದ್ದೀರಲ್ಲ. ಹೇಳಬೇಕಾದ್ದನ್ನು ಯಾರೂ ನೇರವಾಗಿ ಹೇಳುವುದಿಲ್ಲ. ಸೊಸೆಗೆ ಹೇಳಬೇಕಾದ್ದನ್ನು ಬೆಕ್ಕಿಗೆ ಹೇಳುತ್ತಾರೆ. ಚಿತ್ರಕಥೆಯವರು ಸಬ್‌ಟೆಕ್ಸ್ಟ್ ಅನ್ನುವುದು ಅದನ್ನೇ. ಆದರೆ "ಎಂತ ಮಾರಾಯ್ತಿ" ಎಂದು ಬರೆದರೆ ಚಾನೆಲ್‌ನವರು ಹೊಡೆದು ಹಾಕುತ್ತಾರೆ, ಬೀದರಿನಿಂದ ಚಾಮರಾಜನಗರದವರೆಗೆ ಅರ್ಥ ಆಗಬೇಕಂತೆ. ಮೊದಲು ಸಿಟ್ಟು ಬರುತ್ತಿತ್ತು. ಈಗ ಪದ ಬಿಟ್ಟು ಆ ವರಸೆಯನ್ನಷ್ಟೇ ಉಳಿಸಿಕೊಳ್ಳುತ್ತೇನೆ.

ಬೆಂಗಳೂರಿಗೆ ಹೋಗುವ ಮುಂಚೆ ಸಾಗರದ ಹತ್ತಿರದ ಹೆಗ್ಗೋಡಿಗೆ ಹೋಗಿ ಬನ್ನಿ. ಕೆ.ವಿ. ಸುಬ್ಬಣ್ಣ ಮತ್ತು ಗೆಳೆಯರು 1949ರಲ್ಲಿ ಕಟ್ಟಿದ ನಾಟಕ ಸಂಸ್ಥೆ ನೀನಾಸಂ ಇರುವುದು ಅಲ್ಲೇ. 1980ರಿಂದ ಅಲ್ಲಿ ರಂಗ ಶಿಕ್ಷಣ ಕೇಂದ್ರವೂ ಇದೆ. ಚಿತ್ರಕಥೆಗೂ ನಾಟಕಕ್ಕೂ ಏನು ಸಂಬಂಧ ಅನ್ನಬೇಡಿ. ನೀವು ಬರೆದ ಮಾತು ನಟನ ಬಾಯಲ್ಲಿ ಹೇಗೆ ಸಾಯುತ್ತದೆ ಎಂದು ಕಣ್ಣೆದುರು ನೋಡುವುದಕ್ಕೆ ಅದಕ್ಕಿಂತ ಹತ್ತಿರದ ಜಾಗ ನಮ್ಮ ಕಡೆ ಇಲ್ಲ. ನಮ್ಮ ತಾಲೂಕಿನ ಸಿನಿಮಾ ನಿರ್ದೇಶಕ ಗಿರೀಶ್ ಕಾಸರವಳ್ಳಿ ಫಾರ್ಮಸಿ ಓದಿ, ಆಮೇಲೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿದವರು. ಊರಲ್ಲಿ ಯಾರಾದರೂ ಸಿನಿಮಾ ಅಂದ ಕೂಡಲೇ ಅವರ ಹೆಸರು ಹೇಳಿ ಹುರಿದುಂಬಿಸುತ್ತಾರೆ. ಅವರು ಮೊದಲು ಕಲಿತು ಆಮೇಲೆ ಮಾಡಿದವರು ಎಂಬುದನ್ನು ಮಾತ್ರ ಬಿಟ್ಟು ಹೇಳುತ್ತಾರೆ.

ಇನ್ನು ಸಿನಿಮಾ ದುಡ್ಡು. ಹೆಸರು ಬಾರದ ನನ್ನ ಚಿತ್ರಕ್ಕೆ ಬಾಯಿಮಾತಲ್ಲಿ ಒಪ್ಪಿದ್ದು ಎರಡು ಲಕ್ಷ. ಅಡ್ವಾನ್ಸ್ 25,000. ಒಂದು ವರ್ಷ, ಏಳು ಡ್ರಾಫ್ಟ್. ಕೊನೆಗೆ ಕೈಗೆ ಬಂದದ್ದು ಒಟ್ಟು 60,000. ನಿರ್ದೇಶಕರು "ಚಿತ್ರಕಥೆ" ಎಂಬಲ್ಲಿ ತಮ್ಮ ಹೆಸರೊಂದನ್ನೇ ಹಾಕಿಕೊಂಡರು. ಶಿವಮೊಗ್ಗದ ಥಿಯೇಟರಿನಲ್ಲಿ ಅಮ್ಮನನ್ನು ಪಕ್ಕ ಕೂರಿಸಿಕೊಂಡು ನೋಡಿದೆ. ಟೈಟಲ್ ಕಾರ್ಡ್ ಮುಗಿದ ಮೇಲೆ ಅಮ್ಮ, "ನೀನು ಬರೆದದ್ದು ಇದೇ ಸಿನಿಮಾ ಹೌದಾ?" ಎಂದು ಪಿಸುಗುಟ್ಟಿದಳು. ನನ್ನ ಹತ್ತಿರ ಕರಾರಿನ ಒಂದು ಕಾಗದವೂ ಇರಲಿಲ್ಲ. ಯಾರನ್ನು ಏನು ಕೇಳುವುದು?

ಅಡಿಕೆ ಚೇಣಿಗೆ ಕೊಡುವುದು ನಿಮಗೆ ಗೊತ್ತು. ಫಸಲು ಚೇಣಿದಾರನದು, ತೋಟ ನಮ್ಮದು. ಚಿತ್ರಕಥೆಯ ಕರಾರುಗಳು ಹೆಚ್ಚಾಗಿ ತೋಟವನ್ನೇ ಬರೆಸಿಕೊಳ್ಳುತ್ತವೆ. ರಿಮೇಕ್, ಡಬ್ಬಿಂಗ್, ವೆಬ್ ಸೀರೀಸ್, ಭಾಗ ಎರಡು, ಎಲ್ಲವೂ ಅವರಿಗೆ. ಸಹಿ ಹಾಕುವ ಮುಂಚೆ ಪೂರ್ತಿ ಓದಿ. ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ ಪ್ರಕಾರ ಹಕ್ಕು ಬಿಟ್ಟುಕೊಡುವುದು ಬರಹದಲ್ಲೇ ಆಗಬೇಕು. ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ ಐದು ವರ್ಷ ಎಂದು ಅರ್ಥ. 2012ರ ತಿದ್ದುಪಡಿಯಾದ ಮೇಲೆ, ಚಿತ್ರಮಂದಿರದ ಹೊರಗೆ ಆಗುವ ಬಳಕೆಯ ರಾಯಧನದಲ್ಲಿ (ರಾಯಲ್ಟಿ) ಬರಹಗಾರರ ಪಾಲನ್ನು ನಿರ್ಮಾಪಕರಿಗೆ ಬರೆದು ಕೊಡಲು ಬರುವುದಿಲ್ಲ. ಕಾಗದದ ಮೇಲೆ ಒಳ್ಳೆಯ ಕಾನೂನು. ವಸೂಲಿ ಬೇರೆಯದೇ ಕಥೆ. ದುಡ್ಡನ್ನು ಕಂತಾಗಿ ಬರೆಸಿ: ಸಹಿಗೆ ಇಷ್ಟು, ಮೊದಲ ಡ್ರಾಫ್ಟಿಗೆ ಇಷ್ಟು, ಶೂಟಿಂಗ್ ಶುರುವಾಗುವ ಮುಂಚೆ ಉಳಿದದ್ದೆಲ್ಲ. ಶೂಟಿಂಗ್ ಮುಗಿದ ಮೇಲೆ ಬರಹಗಾರರ ಫೋನ್ ಯಾರೂ ಎತ್ತುವುದಿಲ್ಲ. ಎಷ್ಟು ಸಲ ತಿದ್ದಿ ಕೊಡುತ್ತೀರಿ, ಹೆಸರು ಎಲ್ಲಿ ಬರುತ್ತದೆ, ಅದೂ ಅದರಲ್ಲೇ ಇರಲಿ.

ಕಥೆ ಕದಿಯುವ ಭಯ ಎಲ್ಲರಿಗೂ ಇರುತ್ತದೆ. ಬರೀ ಐಡಿಯಾಕ್ಕೆ ಕಾನೂನಿನ ರಕ್ಷಣೆ ಇಲ್ಲ, ಸುಪ್ರೀಂ ಕೋರ್ಟ್ 1978ರಲ್ಲೇ ಇದನ್ನು ಹೇಳಿದೆ. ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ಹೇಳಿದ ಕಥೆ ಗಾಳಿಗೆ ಹೋದ ಹಾಗೆ. ಪೂರ್ತಿ ಬರೆಯಿರಿ, ಆಮೇಲೆ ನೋಂದಾಯಿಸಿ. ಕಾಪಿರೈಟ್ ಕಚೇರಿಗೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು, ಸಾಹಿತ್ಯ ಕೃತಿಗೆ ಶುಲ್ಕ 500 ರೂಪಾಯಿ. ಮುಂಬೈನ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್‌ನ ಸದಸ್ಯರಾದರೆ ಅಲ್ಲೂ ಸ್ಕ್ರಿಪ್ಟ್ ನೋಂದಾಯಿಸಬಹುದು. ಚಿತ್ರೋದ್ಯಮದವರ ಸಂಘವಾದ ಫಿಲ್ಮ್ ಚೇಂಬರಿನಲ್ಲಿ ಟೈಟಲ್ ರಿಜಿಸ್ಟರ್ ಆಗಿದೆ ಎಂದು ಯಾರಾದರೂ ಸಮಾಧಾನ ಹೇಳಿದರೆ, ಅದು ಹೆಸರಿಗೆ ಮಾತ್ರ, ಕಥೆಗಲ್ಲ. ನರೇಷನ್ ಕೊಟ್ಟ ದಿನವೇ "ಇವತ್ತು ಕಥೆ ಕೇಳಿದ್ದಕ್ಕೆ ಥ್ಯಾಂಕ್ಸ್, ಸಾರಾಂಶ ಜೊತೆಗಿದೆ" ಎಂದು ಒಂದು ಮೇಲ್ ಹಾಕಿಬಿಡಿ. ಮರ್ಯಾದೆಯೂ ಆಯಿತು, ದಾಖಲೆಯೂ ಆಯಿತು.

ಮನೆಯವರ ವಿಷಯ. ಅವರು ಬೇಡ ಅನ್ನುವುದು ಸಿನಿಮಾ ಕೆಟ್ಟದ್ದು ಅಂತಲ್ಲ. ತಿಂಗಳ ಕೊನೆಗೆ ನೀವು ಯಾರ ಹತ್ತಿರ ಕೈ ಚಾಚುತ್ತೀರಿ ಎಂದು ಅವರಿಗೆ ಗೊತ್ತು. ಹಾಗಾಗಿ ಕಥೆ ಹೇಳಿ ಒಪ್ಪಿಸಲು ಹೋಗಬೇಡಿ, ಲೆಕ್ಕ ಹೇಳಿ. ನಾನಾಗಿದ್ದರೆ ಹೀಗೆ ಮಾಡುತ್ತೇನೆ. ಈ ಸಲದ ಕೊಯ್ಲು ಮುಗಿಯುವ ತನಕ ಊರಲ್ಲೇ ಇದ್ದು ಒಂದು ಪೂರ್ತಿ ಸ್ಕ್ರಿಪ್ಟ್, ಮೂರು ಬಿಡಿ ಸೀನ್ ಬರೆದು ಮುಗಿಸುವುದು. ಶಿವಮೊಗ್ಗದಲ್ಲೋ ಸಾಗರದಲ್ಲೋ ಏನಾದರೂ ಕೆಲಸ ಮಾಡಿ ಆರು ತಿಂಗಳ ಖರ್ಚು ಕೂಡಿಡುವುದು. ಆಮೇಲೆ ತಾಳಗುಪ್ಪದಿಂದ ಬರುವ ರಾತ್ರಿ ರೈಲು ಹತ್ತುವುದು. ಕೆಲಸ ಕೇಳುವಾಗ "ನನ್ನ ಹತ್ತಿರ ಕಥೆ ಇದೆ" ಅನ್ನಬೇಡಿ. "ಸೀನ್ ಕೊಡಿ, ನಾಳೆ ಬೆಳಗ್ಗೆ ಬರೆದು ತರುತ್ತೇನೆ" ಅನ್ನಿ.

ನನ್ನ ಅಪ್ಪಯ್ಯ ಇವತ್ತಿಗೂ ಪೂರ್ತಿ ಒಪ್ಪಿಲ್ಲ. ಯಾರಾದರೂ ಕೇಳಿದರೆ "ಅವಳದ್ದು ಕಂಪ್ಯೂಟರ್ ಕೆಲಸ" ಅನ್ನುತ್ತಾರೆ. ಆದರೆ ನಾನು ಬರೆಯುವ ಧಾರಾವಾಹಿ ಶುರುವಾಗುವ ಹೊತ್ತಿಗೆ ಸರಿಯಾಗಿ ಕೈಕಾಲು ತೊಳೆದು ಟಿವಿ ಎದುರು ಬಂದು ಕೂರುತ್ತಾರಂತೆ. ಕರೆಂಟ್ ಇದ್ದರೆ.