ಒಟ್ಟಾಗಿ ಅನಾರೋಗ್ಯ ರಜೆ ಹಾಕಿದರೆ ಅದು ಮುಷ್ಕರವೇ?

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಖಾಸಗಿ ವಿಮಾನಯಾನ ಸಂಸ್ಥೆಯೊಂದರ ಗಗನಸಖಿ. ಭತ್ಯೆ ಕಡಿತದ ಬಗ್ಗೆ ಆಡಳಿತ ಮಂಡಳಿ ನಮ್ಮ ಅಹವಾಲು ಕೇಳುತ್ತಿಲ್ಲ. ಎಲ್ಲರೂ ಒಂದೇ ದಿನ ಅನಾರೋಗ್ಯ ರಜೆ ಹಾಕೋಣವೆಂದು ಸಹೋದ್ಯೋಗಿಗಳು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹೇಳುತ್ತಿದ್ದಾರೆ. ಇದರಿಂದ ಕೆಲಸಕ್ಕೆ ಕುತ್ತು ಬರುವುದೇ?

ಉತ್ತರ: ಬರಬಹುದು. ನಿಮ್ಮ ಬೇಡಿಕೆ ನ್ಯಾಯವಾದದ್ದೇ ಇರಬಹುದು, ಆದರೆ ಅದನ್ನು ಮಂಡಿಸಲು ಇದಕ್ಕಿಂತ ಅಪಾಯದ ದಾರಿ ಇಲ್ಲ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ ಶೇ 50ಕ್ಕಿಂತ ಕಡಿಮೆಯಿಲ್ಲದಷ್ಟು ಕಾರ್ಮಿಕರು ಒಂದೇ ದಿನ ಒಟ್ಟಾಗಿ ಸಾಂದರ್ಭಿಕ ರಜೆ ಹಾಕಿದರೂ ಅದು ಮುಷ್ಕರವೇ. ಅಷ್ಟು ಜನರಿಲ್ಲ, ಹಾಕಿದ್ದು ಅನಾರೋಗ್ಯ ರಜೆ ಎಂಬ ಸಮಾಧಾನ ಬೇಡ. ಮಾತಾಡಿಕೊಂಡು ಕೆಲಸ ನಿಲ್ಲಿಸುವುದು ಮುಷ್ಕರದ ಮೂಲ ವ್ಯಾಖ್ಯೆಯಲ್ಲೇ ಇದೆ. ಆರೋಗ್ಯವಾಗಿದ್ದೂ ಕಾಯಿಲೆ ಎಂದು ಬರೆದುಕೊಟ್ಟರೆ ದುರ್ನಡತೆಯ ಆರೋಪವೂ ಸೇರಿಕೊಳ್ಳುತ್ತದೆ.

ಮುಷ್ಕರಕ್ಕೆ ನೋಟಿಸ್ ಕೊಡಬೇಕು. ಕೊಟ್ಟ 14 ದಿನಗಳೊಳಗೆ ಕೆಲಸ ನಿಲ್ಲಿಸುವಂತಿಲ್ಲ, 60 ದಿನ ಕಳೆದರೆ ಆ ನೋಟಿಸ್ ಉಪಯೋಗಕ್ಕೆ ಬರುವುದಿಲ್ಲ. ರಾಜಿ ಸಂಧಾನ ನಡೆಯುವಾಗ ಮತ್ತು ಮುಗಿದ ಮೇಲೆ ಏಳು ದಿನ ಮುಷ್ಕರ ನಿಷಿದ್ಧ. ನೋಟಿಸ್ ತಲುಪಿದೊಡನೆ ಸಂಧಾನಾಧಿಕಾರಿ ಸಂಧಾನಕ್ಕೆ ಕರೆಯಲೇಬೇಕಾದ್ದರಿಂದ ಕಾನೂನುಬದ್ಧ ಮುಷ್ಕರಕ್ಕೆ ಸಿಗುವ ಅವಕಾಶ ಬಹಳ ಕಿರಿದು. ಇದು ಕಾರ್ಮಿಕರಿಗೆ ಬಿಗಿಯಾದ ನಿಯಮವೆಂದೇ ನನ್ನ ಅಭಿಪ್ರಾಯ, ಆದರೆ ಸದ್ಯದ ಕಾನೂನು ಅದೇ. ಮೀರಿದವರಿಗೆ 1,000ದಿಂದ 10,000 ರೂಪಾಯಿ ದಂಡ, ಒಂದು ತಿಂಗಳವರೆಗೆ ಸೆರೆ ಅಥವಾ ಎರಡೂ ಆಗಬಹುದು. ಪ್ರಚೋದಿಸಿದವರಿಗೆ ದಂಡ 50,000ದವರೆಗೆ ಏರುತ್ತದೆ. ಗುಂಪಿನಲ್ಲಿ ಕರೆ ಕೊಟ್ಟವರ ಸಂದೇಶವೇ ಅವರ ವಿರುದ್ಧ ಸಾಕ್ಷ್ಯವಾಗಬಹುದು. ಹತ್ತು ಅಥವಾ ಹೆಚ್ಚು ಜನ ನೋಟಿಸಿಲ್ಲದೆ ಒಟ್ಟಾಗಿ ಗೈರಾದರೆ ಗೈರಾದ ದಿನಗಳ ವೇತನದ ಜೊತೆಗೆ ಎಂಟು ದಿನಗಳವರೆಗಿನ ವೇತನ ಕಡಿತಕ್ಕೂ ಅವಕಾಶವುಂಟು.

2024ರ ಮೇ ತಿಂಗಳಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಸಿಬ್ಬಂದಿ ಹೀಗೆಯೇ ಸಾಮೂಹಿಕವಾಗಿ ಅನಾರೋಗ್ಯ ರಜೆ ಹಾಕಿದಾಗ ಸುಮಾರು 25 ಮಂದಿಗೆ ವಜಾ ಪತ್ರ ಬಂದಿತ್ತು. ದೆಹಲಿಯಲ್ಲಿ ಮುಖ್ಯ ಕಾರ್ಮಿಕ ಆಯುಕ್ತರ ಸಮ್ಮುಖದಲ್ಲಿ ರಾಜಿಯಾದ ಮೇಲಷ್ಟೇ ಅವು ರದ್ದಾದವು. ಅಂಥ ರಾಜಿ ನಿಮಗೂ ಆಗುತ್ತದೆಂದು ನಂಬಿ ಹೊರಡಬೇಡಿ.

ಬದಲಿಗೆ ಬೇಡಿಕೆಗಳನ್ನು ಲಿಖಿತವಾಗಿ, ಸಾಧ್ಯವಾದರೆ ನೋಂದಾಯಿತ ಸಂಘದ ಮೂಲಕ, ಕೇಂದ್ರ ಸರ್ಕಾರದ ಪ್ರಾದೇಶಿಕ ಕಾರ್ಮಿಕ ಆಯುಕ್ತರಿಗೆ ಸಲ್ಲಿಸಿ. ವಿಮಾನಯಾನದ ವಿವಾದಗಳು ರಾಜ್ಯದ ಕಾರ್ಮಿಕ ಇಲಾಖೆಗೆ ಬರುವುದಿಲ್ಲ. ಸಂಧಾನ ಆರಂಭವಾದ ಮೇಲೆ, ವಿವಾದಕ್ಕೆ ಸಂಬಂಧಿಸಿದ ದುರ್ನಡತೆಯ ನೆಪದಲ್ಲಿ ನಿಮ್ಮನ್ನು ವಜಾ ಮಾಡಲು ಸಂಸ್ಥೆಯು ಸಂಧಾನಾಧಿಕಾರಿಯ ಲಿಖಿತ ಅನುಮತಿ ಪಡೆಯಬೇಕಾಗುತ್ತದೆ. ಮೇಲ್ವಿಚಾರಕ ಹುದ್ದೆಯಲ್ಲಿದ್ದು ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ವೇತನ ಪಡೆಯುವವರಿಗೆ ಮಾತ್ರ ಈ ರಕ್ಷಣೆ ದೊರೆಯುವುದು ಅನುಮಾನ. ನಿಮ್ಮ ಗುಂಪಿನಲ್ಲಿ ಅಂಥವರಿದ್ದರೆ ಅವರು ಪ್ರತ್ಯೇಕವಾಗಿ ವಕೀಲರನ್ನು ಕಾಣಲಿ.