ಆಳೂ ಸಿಗಲ್ಲ, ಕೆಲಸವೂ ಇಲ್ಲ: ದಾವಣಗೆರೆಯಲ್ಲಿ ಎರಡೂ ಹೇಗೆ ನಿಜ?

ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ಮಲೇಬೆನ್ನೂರು ಕಡೆ ನಮ್ಮದು ಐದು ಎಕರೆ ಗದ್ದೆ. ನಾಟಿ ಹೊತ್ತಿಗೆ ಕೇಳಿದಷ್ಟು ಕೂಲಿ ಕೊಡ್ತೀನಿ ಅಂದರೂ ಆಳು ಬರಲ್ಲ. ಅದೇ ಊರಿನ ಹುಡುಗರು ಕೆಲಸ ಇಲ್ಲ ಅಂತ ಬೆಂಗಳೂರು ಬಸ್ ಹತ್ತುತ್ತಾರೆ. ಯಾರ ಮಾತು ನಂಬೋದು?

ಉತ್ತರ: ಇಬ್ಬರದೂ ಸರಿ. ನೀವು ನಾಟಿಯ ವಾರ ಎಣಿಸುತ್ತೀರಿ, ಅವರು ವರ್ಷ ಎಣಿಸುತ್ತಾರೆ. ಕೈನಾಟಿಗೆ ಎಕರೆಗೆ 10–12 ಆಳು ಬೇಕು. ನಿಮ್ಮ ಐದು ಎಕರೆಗೇ 50–60 ಆಳಿನ ಕೆಲಸ. ಭದ್ರಾ ನಾಲೆಗೆ ನೀರು ಬಿಟ್ಟ ಮೇಲೆ ಸುತ್ತಲಿನ ಊರುಗಳ ಸಸಿಮಡಿಯೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ಹದಕ್ಕೆ ಬರುತ್ತದೆ. ಸಸಿಗೆ 25 ದಿನ ದಾಟಿದರೆ ತೆಂಡೆ (ಬುಡದಿಂದ ಬರುವ ಹೊಸ ಕವಲು) ಒಡೆಯುವುದು ಕಡಿಮೆಯಾಗುತ್ತದೆ, ಹಾಗಾಗಿ ಯಾರಿಗೂ ಕಾಯುವ ವ್ಯವಧಾನ ಇರಲ್ಲ. ನಾಲೆಯ ಕೊನೇ ಭಾಗದವರಿಗಂತೂ ನೀರೂ ತಡ, ಆಳೂ ತಡ.

ಈಗ ಅವರ ವರ್ಷ ನೋಡಿ. ಕೊಯ್ಯೋದು, ಕಂತೆ ಕಟ್ಟೋದು, ಬಣವೆ ಒಟ್ಟೋದು, ಬಡಿಯೋದು, ತೂರೋದು ಅಂತ ಒಂದು ಕಾಲಕ್ಕೆ ವಾರಗಟ್ಟಲೆ ಕೂಲಿ ಇತ್ತು. ಇವತ್ತು ಅಷ್ಟನ್ನೂ ಕಟಾವು ಯಂತ್ರ ಎಕರೆಗೆ ಗಂಟೆಯ ಆಸುಪಾಸಿನಲ್ಲಿ ಮುಗಿಸುತ್ತದೆ. ಯಂತ್ರ ತಿಂದದ್ದು ಕೊಯ್ಲಿನ ದಿನಗಳನ್ನು. ನಾಟಿಯ ನೂಕುನುಗ್ಗಲು ಹಾಗೇ ಉಳಿಯಿತು. ಉಳಿದ ದಿನಗಳ ಕೂಲಿಯಲ್ಲಿ ಮನೆ ನಡೆಯದವರು ಪೇಟೆ ಸೇರಿದರು. ಹೋದವರು ನಿಮ್ಮ ಹತ್ತು ದಿನದ ನಾಟಿಗೆಂದು ವಾಪಸ್ ಬರಲಾರರು, ಆ ಹತ್ತು ದಿನಕ್ಕೆ ಎಷ್ಟೇ ಕೊಟ್ಟರೂ.

ಕೂಲಿ ಏರಿಸುವುದಕ್ಕಿಂತ ಕೆಲಸ ಹರಡುವುದು ಮೇಲು. ಸಸಿಮಡಿಯನ್ನು ಎಂಟು ದಿನದ ಅಂತರದಲ್ಲಿ ಎರಡು ಕಂತು ಹಾಕಿ; ಒಂದೇ ತಂಡ ಎರಡು ಸಲ ಬರಬಹುದು. ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ನಾಟಿ ಯಂತ್ರ ಬಾಡಿಗೆಗೆ ಇದೆಯೇ ಎಂದು ಮಡಿ ಹಾಕುವ ಮೊದಲೇ ವಿಚಾರಿಸಿ. ಮಾಮೂಲಿ ಮಡಿಯ ಸಸಿ ಅದಕ್ಕೆ ಒಗ್ಗುವುದಿಲ್ಲ. ಟ್ರೇ ಅಥವಾ ಚಾಪೆ ಮಡಿಯಲ್ಲಿ ಬೆಳೆಸಿದ 15–18 ದಿನದ ಸಸಿ ಬೇಕು. ಕೆಸರು ಮಾಡಿದ ದಿನವೇ ಯಂತ್ರ ಇಳಿಸಿದರೆ ಸಸಿ ನಿಲ್ಲದೆ ತೇಲುತ್ತದೆ. ಒಂದೆರಡು ದಿನ ಮಣ್ಣು ಕೂರಲು ಬಿಟ್ಟು, ನೀರು ತೆಳುವಾಗಿಸಿ ನೆಡಿಸಿ.

ಪ್ರಶ್ನೆ: ಎಂ.ಎ. ಅರ್ಥಶಾಸ್ತ್ರದ ವಿದ್ಯಾರ್ಥಿನಿ. ದಾವಣಗೆರೆ ಜಿಲ್ಲೆಯ ದುಡಿಯುವ ಜನರ ಬಗ್ಗೆ ಪ್ರಬಂಧ ಬರೆಯುತ್ತಿದ್ದೇನೆ. 1991, 2001, 2011ರ ಜನಗಣತಿ ಅಂಕಿ ಒಂದಕ್ಕೊಂದು ತಾಳೆ ಆಗುತ್ತಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: 1991ರಲ್ಲಿ ದಾವಣಗೆರೆ ಜಿಲ್ಲೆಯೇ ಇರಲಿಲ್ಲ. 1997ರಲ್ಲಿ ಚಿತ್ರದುರ್ಗದಿಂದ ದಾವಣಗೆರೆ, ಹರಿಹರ, ಜಗಳೂರು, ಶಿವಮೊಗ್ಗದಿಂದ ಹೊನ್ನಾಳಿ, ಚನ್ನಗಿರಿ, ಬಳ್ಳಾರಿಯಿಂದ ಹರಪನಹಳ್ಳಿ ಸೇರಿ ಜಿಲ್ಲೆಯಾಯಿತು. 2011ರ ಗಣತಿಯ 19,45,497 ಜನರಲ್ಲಿ ಹರಪನಹಳ್ಳಿಯವರೂ ಇದ್ದಾರೆ. ಆ ತಾಲ್ಲೂಕು 2018ರಲ್ಲಿ ಬಳ್ಳಾರಿಗೆ ಮರಳಿ, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಆದ್ದರಿಂದ ಜಿಲ್ಲೆಯ ಒಟ್ಟು ಅಂಕಿ ಬಿಡಿ. ತಾಲ್ಲೂಕುವಾರು ಕೋಷ್ಟಕ ತೆಗೆದು, ಹರಪನಹಳ್ಳಿ ಕಳೆದು, ನೀವೇ ಕೂಡಿ. ನ್ಯಾಮತಿ ಆಮೇಲೆ ಆದ ತಾಲ್ಲೂಕು; ಈ ಗಣತಿಗಳಲ್ಲಿ ಹುಡುಕಬೇಡಿ, ಅದು ಹೊನ್ನಾಳಿಯೊಳಗೇ ಇದೆ.

ಎರಡನೇ ತೊಡಕು ದಿನಗಳದ್ದು. ಗಣತಿಯಲ್ಲಿ ವರ್ಷಕ್ಕೆ ಆರು ತಿಂಗಳು, ಅಂದರೆ 183 ದಿನ ದುಡಿದವರು ಮುಖ್ಯ ಕೆಲಸಗಾರರು. ಅದಕ್ಕಿಂತ ಕಡಿಮೆ ಇದ್ದರೆ ಅಲ್ಪಾವಧಿ ಕೆಲಸಗಾರರು. 2011ರಲ್ಲಿ ಇವರನ್ನು ಮೂರು ತಿಂಗಳ ಮೇಲೆ, ಕೆಳಗೆ ಎಂದು ಮತ್ತೆ ಒಡೆದಿದ್ದಾರೆ. ಆ ಕಾಲಂ ಬಿಡಬೇಡಿ, ನಿಮ್ಮ ಪ್ರಬಂಧದ ಜೀವ ಅಲ್ಲೇ ಇದೆ. ಕಾರ್ಮಿಕ ಪಡೆಯ ನಿಯತಕಾಲಿಕ ಸಮೀಕ್ಷೆಯ ಅಳತೆಗೋಲೇ ಬೇರೆ. ಅದರ ವಾರದ ಲೆಕ್ಕದಲ್ಲಿ ಏಳು ದಿನಗಳಲ್ಲಿ ಒಂದು ದಿನ ಒಂದು ಗಂಟೆ ದುಡಿದಿದ್ದರೂ ಉದ್ಯೋಗಿ. ನಾಟಿ ವಾರದಲ್ಲಿ ಕೇಳಿದರೆ ಊರಿಗೆ ಊರೇ ಉದ್ಯೋಗಸ್ಥ! ಇವೆರಡನ್ನು ಒಂದೇ ಕೋಷ್ಟಕದಲ್ಲಿ ಕೂರಿಸಬೇಡಿ.

ಇನ್ನೊಂದು: ಹರಿಹರದಿಂದ ತುಂಗಭದ್ರೆ ದಾಟಿದರೆ ಕುಮಾರಪಟ್ಟಣ, ಅದು ಹಾವೇರಿ ಜಿಲ್ಲೆ. ಅಲ್ಲಿನ ಕಾರ್ಖಾನೆಯಲ್ಲಿ ದುಡಿದು ಹರಿಹರದಲ್ಲಿ ಮಲಗುವವರನ್ನು ಜನಗಣತಿ ಇಲ್ಲಿ ಎಣಿಸುತ್ತದೆ, ಕಾರ್ಖಾನೆ ಅಂಕಿಅಂಶ ಅಲ್ಲಿ ಎಣಿಸುತ್ತದೆ.

ಪ್ರಶ್ನೆ: ದಾವಣಗೆರೆಯ ಗಾರ್ಮೆಂಟ್ಸ್ ಒಂದರಲ್ಲಿ ಮೂರು ವರ್ಷದಿಂದ ಟೈಲರ್. ಪ್ರತಿ ತಿಂಗಳೂ ಸಂಬಳದಲ್ಲಿ ಇಎಸ್‌ಐ (ಕಾರ್ಮಿಕರ ವಿಮೆ) ಹಣ ಮುರಿಯುತ್ತಾರೆ. ಜುಲೈ–ಆಗಸ್ಟ್‌ನಲ್ಲಿ ಗದ್ದೆ ಕೆಲಸಕ್ಕೆ ಊರಿಗೆ ಹೋಗಿದ್ದೆ. ಫೆಬ್ರವರಿಯಲ್ಲಿ ಟೈಫಾಯ್ಡ್ ಬಂದು 20 ದಿನ ಮಲಗಿದೆ. ಕಾಯಿಲೆ ಭತ್ಯೆ ಇಲ್ಲ ಅಂದರು. ಯಾಕೆ?

ಉತ್ತರ: ಹಣ ಎಷ್ಟು ತಿಂಗಳು ಮುರಿದರು ಅನ್ನುವುದಲ್ಲ, ಎಷ್ಟು ದಿನಕ್ಕೆ ಕಟ್ಟಿದರು ಅನ್ನುವುದು ಮುಖ್ಯ. ಏಪ್ರಿಲ್–ಸೆಪ್ಟೆಂಬರ್‌ನ ವಂತಿಗೆಗೆ ಮುಂದಿನ ಜನವರಿ–ಜೂನ್‌ನಲ್ಲಿ, ಅಕ್ಟೋಬರ್–ಮಾರ್ಚ್‌ನ ವಂತಿಗೆಗೆ ಜುಲೈ–ಡಿಸೆಂಬರ್‌ನಲ್ಲಿ ಭತ್ಯೆ. ನಿಮ್ಮ ಫೆಬ್ರವರಿಯ ಕಾಯಿಲೆಗೆ ಏಪ್ರಿಲ್–ಸೆಪ್ಟೆಂಬರ್‌ನ ಲೆಕ್ಕ; ಆ ಆರು ತಿಂಗಳಲ್ಲಿ ಕನಿಷ್ಠ 78 ದಿನದ ವಂತಿಗೆ ಇರಬೇಕು. ನೀವು ಕಳಿಸಿದ ಹಾಜರಿ ಹೀಗಿದೆ: ಏಪ್ರಿಲ್ 22, ಮೇ 18, ಜೂನ್ 10, ಜುಲೈ 6, ಆಗಸ್ಟ್ 9, ಸೆಪ್ಟೆಂಬರ್ 11. ಕೂಡಿದರೆ 76. ಎರಡೇ ದಿನ ಕಮ್ಮಿ!

ಅದರಿಂದ ಹೋದದ್ದು ಸಣ್ಣ ಮೊತ್ತವಲ್ಲ. ದಿನದ ಸರಾಸರಿ ಸಂಬಳ 400 ರೂಪಾಯಿ ಅಂತ ಇಟ್ಟುಕೊಂಡರೆ, ಅದರ ಶೇ 70, ಅಂದರೆ ದಿನಕ್ಕೆ 280. ಮೊದಲ ಎರಡು ದಿನ ಬಿಟ್ಟು 18 ದಿನಕ್ಕೆ 5,040 ರೂಪಾಯಿ.

ಆದರೆ ಇಲ್ಲಿಗೇ ಬಿಡಬೇಡಿ. ಸಂಬಳ ಸಿಕ್ಕ ರಜೆಯೂ ಲೆಕ್ಕಕ್ಕೆ ಬರುತ್ತದೆ. ಮೇ 1ರಂಥ ರಜೆ ಆ 76ರಲ್ಲಿ ಸೇರಿದೆಯೇ? ಇಎಸ್‌ಐ ಜಾಲತಾಣದಲ್ಲಿ ನಿಮ್ಮ 10 ಅಂಕಿಯ ವಿಮಾ ಸಂಖ್ಯೆ ಹಾಕಿದರೆ ತಿಂಗಳುವಾರು ದಿನ, ಸಂಬಳ ಎರಡೂ ಕಾಣುತ್ತವೆ. ಅದನ್ನು ಸಂಬಳದ ಚೀಟಿಯ ಪಕ್ಕ ಇಟ್ಟು ನೋಡಿ. ದಿನ ಕಮ್ಮಿ ತೋರಿಸಿದ್ದರೆ ಮೊದಲು ಎಚ್‌ಆರ್‌ಗೆ, ಆಮೇಲೆ ಇಎಸ್‌ಐ ಶಾಖಾ ಕಚೇರಿಗೆ ಚೀಟಿಯ ನಕಲು ಲಗತ್ತಿಸಿ ಲಿಖಿತ ಅರ್ಜಿ ಕೊಡಿ. ಬಾಯಿಮಾತಿಗೆ ಬೆಲೆ ಇಲ್ಲ.

ಮುಂದಿನ ಸಲ ಊರಿಗೆ ಹೊರಡುವ ಮುಂಚೆ ಏಪ್ರಿಲ್‌ನಿಂದ ಆದ ದಿನ ಕೂಡಿ ನೋಡಿಕೊಳ್ಳಿ. ಕೆಲಸದ ಜಾಗದಲ್ಲಿ ಪೆಟ್ಟಾದರೆ ಮಾತ್ರ ಈ 78ರ ಷರತ್ತಿಲ್ಲ, ಸೇರಿದ ಮೊದಲ ದಿನದಿಂದಲೇ ರಕ್ಷಣೆ ಇದೆ.

ಪ್ರಶ್ನೆ: ವರ್ಷದಲ್ಲಿ ನಾಲ್ಕು ತಿಂಗಳು ಗಾರೆ ಕೆಲಸ, ಉಳಿದಂತೆ ಮೆಕ್ಕೆಜೋಳದ ಹೊಲ. ಕಟ್ಟಡ ಕಾರ್ಮಿಕರ ಕಾರ್ಡ್ ಸಿಗುತ್ತಾ?

ಉತ್ತರ: ಸಿಗುತ್ತದೆ. ವಯಸ್ಸು 18ರಿಂದ 60ರೊಳಗೆ ಇದ್ದು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ಸಾಕು. ಹೊಲದ ದಿನ ಸೇರುವುದಿಲ್ಲ. ಕೆಲಸದ ದೃಢೀಕರಣ ಪತ್ರವನ್ನು ಮೇಸ್ತ್ರಿಯಿಂದಲೋ ಮಾಲೀಕರಿಂದಲೋ ಕೆಲಸ ಮುಗಿದ ವಾರವೇ ಬರೆಸಿಕೊಳ್ಳಿ. ಜೋಳ ಮುರಿದು ಬರುವ ಹೊತ್ತಿಗೆ ಮೇಸ್ತ್ರಿ ಬೇರೆ ಊರಲ್ಲಿರುತ್ತಾನೆ.